ತಮ್ಮನ ಟ್ರಕ್ಕಿನ ಲಂಡನ್ ಮೈಲೇಜು

ಲಂಡನ್ನಿನಲ್ಲಿ ಏನೇನು ನೋಡಿದಿರಿ ಎಂದು ಕೇಳುವವರಿಗೆ ನನ್ನ ಉತ್ತರ ರುಚಿಸುವುದಿಲ್ಲ. ಅರಮನೆಯ ಕಡೆ ಹೋಗಲಿಲ್ಲ. ನದಿಯನ್ನು ಹೋಗುವಾಗ ಅದರ ಕೆಳಗಿನ ಸುರಂಗದಲ್ಲಿ ದಾಟಿದ್ದರಿಂದ, ಬರುವಾಗ ಸೇತುವೆಯ ಮೇಲೆ ಲೆಕ್ಕ ಹಾಕುತ್ತ ಕೂತಿದ್ದರಿಂದ ನೀರು ಕಣ್ಣಿಗೆ ಬೀಳಲಿಲ್ಲ. ನಾನು ಕಣ್ಣು ಕೀಳದೆ ನೋಡಿದ್ದೆಂದರೆ ನನ್ನ ತಮ್ಮನ ಟ್ರಕ್ಕಿನ ಪೆಟ್ರೋಲ್ ಮುಳ್ಳು. ವಿಜಯಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ಸಮುದ್ರ ದಾಟಿ ಹೋಗಿ ಮಾಡಿದ ಘನಕಾರ್ಯ ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿದ್ದು. ಅದನ್ನೇ ಹೇಳುತ್ತೇನೆ, ಬೇಡವಾದವರು ಇಲ್ಲಿಯೇ ಇಳಿದುಕೊಳ್ಳಬಹುದು.

ರೇನರ್ಸ್ ಲೇನ್

ತಮ್ಮ ಗುರುನಾಥನ ಮನೆ ಇರುವುದು ಲಂಡನ್ನಿನ ಅಂಚಿನ ರೇನರ್ಸ್ ಲೇನ್ ಬಡಾವಣೆಯಲ್ಲಿ. ಆಸ್ಪತ್ರೆಗಳ ಎಕ್ಸ್‌ರೇ ಯಂತ್ರಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಹೆಂಡತಿ ವಿದ್ಯಾ ಬೆಂಗಳೂರಿನವಳು, ಅಲ್ಲಿನ ಕೌನ್ಸಿಲ್ ಕಚೇರಿಯಲ್ಲಿದ್ದಾಳೆ. ಒಬ್ಬಳೇ ಮಗಳು ಓದಲೆಂದು ಬೇರೆ ಊರು ಸೇರಿದ್ದಾಳೆ. ಮನೆ ಚಿಕ್ಕದು, ಅದರ ಮುಂದೆ ನಿಲ್ಲಿಸಿದ್ದ ಟ್ರಕ್ಕು ಮನೆಗಿಂತ ದೊಡ್ಡದೋ ಎಂದು ನನಗೆ ಮೊದಲ ದಿನ ಅನುಮಾನ ಬಂತು. ಅದು ಅಮೆರಿಕದಲ್ಲಿ ತಯಾರಾದ ಪೆಟ್ರೋಲ್ ಗಾಡಿ. ಮುಂದೆ ಎರಡು ಸಾಲು ಸೀಟು, ಹಿಂದೆ ತೆರೆದ ತೊಟ್ಟಿ. ಬಾನೆಟ್ಟು ನನ್ನ ಭುಜದ ಮಟ್ಟಕ್ಕೆ ಬರುತ್ತಿತ್ತು. ಹಿಂಭಾಗ ಫುಟ್‌ಪಾತಿನ ಮೇಲೆ ಚಾಚಿಕೊಂಡಿತ್ತು. ಮಗುವಿನ ಗಾಡಿ ತಳ್ಳಿಕೊಂಡು ಬಂದ ಹೆಂಗಸೊಬ್ಬಳು ಅದನ್ನು ಸುತ್ತಿ ಹೋಗುವಾಗ ನಮಗೆ ‘ಸಾರಿ’ ಎಂದಳು. ದಾರಿಗೆ ಅಡ್ಡ ನಿಂತದ್ದು ಇವನ ಟ್ರಕ್ಕು, ಕ್ಷಮೆ ಕೇಳಿದ್ದು ಅವಳು. ಆ ಊರಿನ ಜನ ಹೀಗೆಯೇ.

ನಮ್ಮ ಕಡೆ ಯಾರ ಮನೆಗೆ ಗಾಡಿ ಬಂದರೂ ಬಣ್ಣ ನೋಡುವ ಮೊದಲೇ ಕೇಳುವ ಮಾತೊಂದಿದೆ. ನಾನೂ ಚೀಲ ಕೆಳಗಿಡುತ್ತ ಕೇಳಿದೆ. “ಗುರು, ಎಷ್ಟ್ ಕೊಡ್ತೈತಿ?”

“ಲೀಟರಿಗೆ ಎಂಟು ಅಕ್ಕಾ. ಕಂಪನಿ ಪುಸ್ತಕದಾಗ ಹಂಗ ಬರದಾರ,” ಎಂದ.

ಒಳಗಿನಿಂದ ವಿದ್ಯಾಳ ದನಿ ಬಂತು. “ಅದು ಅಮೆರಿಕದ ಖಾಲಿ ಹೈವೇ ಲೆಕ್ಕ ಅತ್ತಿಗೆ. ನಮ್ಮ ಬೀದೀಲಿ ನಾಲ್ಕು ಬಂದ್ರೆ ದೇವರ ದಯೆ.”

ಇದು ಹಳೆಯ ಜಗಳ ಎಂದು ಊಟದ ಹೊತ್ತಿಗೆ ತಿಳಿಯಿತು. ಲಂಡನ್ನಿನ ಕನ್ನಡದವರಲ್ಲಿ ಯಾರು ಮನೆ ಬದಲಿಸಿದರೂ, ಯಾರ ಮನೆಯ ನಾಮಕರಣಕ್ಕೆ ಮೇಜು ಕುರ್ಚಿ ಬೇಕಾದರೂ ಶನಿವಾರ ಬೆಳಿಗ್ಗೆ ಗುರುವಿನ ಫೋನು ರಿಂಗಾಗುತ್ತದೆ. ಇವನು ಟ್ರಕ್ಕು ಹತ್ತಿ ಹೊರಡುತ್ತಾನೆ, ತಾನೇ ಸಾಮಾನು ಹೊರುತ್ತಾನೆ, ಸಂಜೆ ಸೊಂಟ ಹಿಡಿದುಕೊಂಡು ಬರುತ್ತಾನೆ. ಚಳಿಗಾಲದಲ್ಲಿ ಬೆನ್ನು ಹಿಡಿದು ಮಲಗಿದ್ದನಂತೆ, ಡಾಕ್ಟರು ಭಾರ ಎತ್ತಬೇಡ ಎಂದಿದ್ದರಂತೆ. ಟ್ರಕ್ಕು ಮಾರಿದರೆ ಬೆನ್ನೂ ಉಳಿಯುತ್ತದೆ, ಶನಿವಾರವೂ ಉಳಿಯುತ್ತದೆ ಎಂಬುದು ವಿದ್ಯಾಳ ವಾದ. ಅದನ್ನು ನೇರ ಹೇಳಿದರೆ ಗಂಡ ಕೇಳುವುದಿಲ್ಲವೆಂದು ಅವಳು ಮೈಲೇಜನ್ನು ಮುಂದೆ ಮಾಡಿದ್ದಳು. ಅವನೂ ಮೈಲೇಜಿನ ಹಿಂದೆಯೇ ಅಡಗಿ ಕೂತಿದ್ದ.

ಹಿರಿಯಳೆಂದು ಪಂಚಾಯ್ತಿ ನನ್ನ ತಲೆಗೆ ಬಂತು. ಶನಿವಾರ ಟ್ಯಾಂಕು ತುಂಬಿಸಿ ಹೊರಡುವುದು, ಇಲ್ಫರ್ಡಿನ ಗೆಳೆಯನ ಮೇಜುಗಳನ್ನು ಅವನ ಮನೆಗೆ ಮುಟ್ಟಿಸುವುದು, ಟೂಟಿಂಗಿನಲ್ಲಿ ನನಗೆ ದೋಸೆ ತಿನ್ನಿಸುವುದು, ತಿರುಗಿ ಬಂದು ಮತ್ತೆ ಟ್ಯಾಂಕು ತುಂಬಿಸಿ ಎಷ್ಟು ಕುಡಿದಿದೆ ನೋಡುವುದು. ಲೀಟರಿಗೆ ಆರು ದಾಟಿದರೆ ಟ್ರಕ್ಕು ಇರಲಿ, ಇಲ್ಲದಿದ್ದರೆ ಮಾರುವುದು. ಗಂಡ ಹೆಂಡತಿ ಇಬ್ಬರೂ ಒಪ್ಪಿದರು, ದಿನಾ ಓಡಿಸುವ ಹಾಗೆಯೇ ಓಡಿಸಬೇಕು ಎಂದು ವಿದ್ಯಾ ಒಂದು ಷರತ್ತು ಸೇರಿಸಿದಳು. ಮಗಳಿಗೆ ಫೋನಿನಲ್ಲಿ ಸುದ್ದಿ ಹೋಯಿತು. ಅವಳು ನನಗೆ ಹೇಳಿದ್ದು ಇಷ್ಟೇ. “ಅತ್ತೆ, ಡ್ಯಾಡ್ ವಿಲ್ ಚೀಟ್. ವಾಚ್ ಹಿಮ್.”

ಶನಿವಾರ ಬೆಳಿಗ್ಗೆ ಗುರು ಗಾಜು ಒರೆಸುತ್ತಿದ್ದ. ನಾನು ಚಹಾದ ಕಪ್ಪು ಹಿಡಿದು ಹತ್ತಿರ ಹೋದೆ. ತಿರುಗಿ ನೋಡದೆಯೇ ಹೇಳಿದ. “ಈ ಊರಾಗ ನನ್ನ ಪೂರಾ ಹೆಸರು ಯಾರಿಗೂ ಗೊತ್ತಿಲ್ಲಕ್ಕಾ. ಟ್ರಕ್ ಗುರು ಅಂದ್ರ ಎಲ್ಲಾರಿಗೂ ಗೊತ್ತು. ಗಾಡಿ ಹೋದ್ರ ನನ್ನ ಯಾರ್ ಕರೀತಾರ ಹೇಳು.”

ತಮ್ಮ ಗೆಲ್ಲಲಿ ಎಂದು ಆಗಲೇ ಮನಸ್ಸು ಒಂದು ಕಡೆ ವಾಲಿತು. ಪಂಚರಿಗೆ ಅದು ಸಲ್ಲದು ಎಂಬುದು ಗೊತ್ತಿದ್ದೇ ವಾಲಿತು.

ಪೆಟ್ರೋಲ್ ಬಂಕು

ಅಲ್ಲಿ ಬಂಕಿನಲ್ಲಿ ಹಾಕಿಕೊಡುವವರು ಯಾರೂ ಇಲ್ಲ, ನಾವೇ ಪೈಪು ಹಿಡಿಯಬೇಕು. ‘ಝೀರೋ ನೋಡ್ರಿ’ ಎಂದು ಹೇಳುವವರೂ ಇಲ್ಲ. ಗುರು ತುಂಬಿಸಿದ, ಟಕ್ ಎಂದು ಪೈಪು ನಿಂತಿತು. ಆಮೇಲೆ ಅವನು ಮಾಡಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ತೊಟ್ಟಿಯ ಅಂಚಿಗೆ ಎರಡೂ ಕೈ ಕೊಟ್ಟು ಟ್ರಕ್ಕನ್ನು ಅಲುಗಾಡಿಸತೊಡಗಿದ. ಅದು ಜಗ್ಗಲಿಲ್ಲ. ನಾನೂ ಹೋಗಿ ಕೈ ಹಚ್ಚಿದೆ.

ನಮ್ಮ ಅಪ್ಪನಿಗೆ ಒಂದು ಡೀಸೆಲ್ ಟೆಂಪೊ ಇತ್ತು. ಮದುವೆಯ ದಿಬ್ಬಣ, ಬಾಡಿಗೆ ಪಾತ್ರೆಗಳು, ದ್ರಾಕ್ಷಿ, ಏನು ಸಿಕ್ಕರೂ ಹೇರಿಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ತಿರುಗುತ್ತಿದ್ದ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ನಮ್ಮ ಕಡೆಯ ಪದ್ಧತಿಯನ್ನು ಅಪ್ಪ ಟೆಂಪೊಗೂ ಅನ್ವಯಿಸಿದ್ದ, ಆ ದಿನ ಅದಕ್ಕೆ ರಜೆ. ಶಾಲೆ ಇಲ್ಲದ ದಿನ ನಾನೇ ಅದರ ಕ್ಲೀನರು, ಗುರು ಇನ್ನೂ ಸಣ್ಣವನು, ಚೀಲಗಳ ಮೇಲೆ ನಿದ್ದೆ ಮಾಡುತ್ತಿದ್ದ. ಡೀಸೆಲ್ ಹಾಕಿಸುವಾಗ ಅಪ್ಪ ನಮ್ಮಿಬ್ಬರನ್ನೂ ಇಳಿಸುತ್ತಿದ್ದ, ಮೂವರೂ ಸೇರಿ ಟೆಂಪೊ ಅಲುಗಾಡಿಸಬೇಕಿತ್ತು. ಒಳಗಿನ ಗಾಳಿ ಹೊರಗೆ ಬಂದು ಇನ್ನಷ್ಟು ಹಿಡಿಯುತ್ತದೆ ಎಂದು ಅವನ ನಂಬಿಕೆ.

ಪಕ್ಕದ ಪಂಪಿನಲ್ಲಿದ್ದ ಬಿಳಿಯ ಗಂಡಸು ನಮ್ಮನ್ನು ಸ್ವಲ್ಪ ಹೊತ್ತು ನೋಡಿ “ಆಲ್‌ರೈಟ್?” ಎಂದು ಕೇಳಿದ. ಆಲ್‌ರೈಟ್ ಎಂದೆ. ಅವನು ಹೆಚ್ಚು ಕೇಳದೆ ತನ್ನ ಕಾರು ಹತ್ತಿ ಹೋದ. ವಿಜಯಪುರದಲ್ಲಾಗಿದ್ದರೆ ಇಷ್ಟರಲ್ಲಿ ಇನ್ನೂ ನಾಲ್ಕು ಜನ ಬಂದು ಕೈ ಹಚ್ಚುತ್ತಿದ್ದರು.

ಹ್ಯಾರೋ ಗುಡ್ಡ

ಈ ಟ್ರಕ್ಕಿನ ಸ್ಟಿಯರಿಂಗು ಎಡಗಡೆ. ಹಾಗಾಗಿ ನಮ್ಮಲ್ಲೂ ಇಂಗ್ಲೆಂಡಿನಲ್ಲೂ ಚಾಲಕ ಕೂಡುವ ಬಲಗಡೆಯ ಸೀಟು ನನ್ನ ಪಾಲಿಗೆ ಬಂತು. ಅಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಎರಡೂ ಬದಿ ಕಾರು ನಿಲ್ಲಿಸಿರುತ್ತಾರೆ, ಎದುರಿಗೆ ಗಾಡಿ ಬಂದರೆ ಒಬ್ಬರು ಸರಿದು ನಿಂತು ದಾರಿ ಕೊಡಬೇಕು, ದಾರಿ ಪಡೆದವರು ಕೈ ಎತ್ತಿ ವಂದಿಸಬೇಕು. ಗುರು ಸರಿದು ನಿಂತಾಗಲೆಲ್ಲ ಎದುರಿನವರು ನನಗೇ ಕೈ ಎತ್ತುತ್ತಿದ್ದರು. ಸೈಕಲ್ಲನ್ನೂ ಓಡಿಸದ ನಾನು ಸ್ವಲ್ಪ ಹೊತ್ತಿನಲ್ಲಿ ಅದಕ್ಕೆ ಹೊಂದಿಕೊಂಡು, ಗಂಭೀರವಾಗಿ ಕೈ ಎತ್ತಿ ಎಲ್ಲರ ವಂದನೆ ಸ್ವೀಕರಿಸುತ್ತಿದ್ದೆ.

ಹ್ಯಾರೋ ಗುಡ್ಡ ಏರಿ ಇಳಿಯತೊಡಗಿದಾಗ ಇಂಜಿನ್ನಿನ ಸದ್ದು ನಿಂತಿತು. ನೋಡಿದರೆ ಗುರು ಗೇರು ತೆಗೆದು ಕೀಲಿ ತಿರುಗಿಸಿದ್ದ. ಕೊಲ್ಹಾರದ ಹತ್ತಿರ ಕೃಷ್ಣಾ ನದಿಗೆ ಇಳಿಯುವ ರಸ್ತೆಯಲ್ಲಿ ಅಪ್ಪ ಹೀಗೆಯೇ ಟೆಂಪೊ ಆರಿಸಿ ತೇಲಿಬಿಡುತ್ತಿದ್ದ. ಆಗ ಗಾಳಿಯ ಸದ್ದೊಂದೇ. ಮಾತಾಡಿದರೂ ಡೀಸೆಲ್ ಸುಡುತ್ತದೆ ಎಂಬಂತೆ ನಾವು ಬಾಯಿ ಮುಚ್ಚಿ ಕೂಡುತ್ತಿದ್ದೆವು. ಆ ಮೌನ ಇಷ್ಟು ವರ್ಷಗಳ ಮೇಲೆ ಲಂಡನ್ನಿನಲ್ಲಿ ಸಿಕ್ಕಿದಾಗ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಸಂತೋಷ ತಿರುವಿನ ತನಕ ಮಾತ್ರ. ಈಗಿನ ಗಾಡಿಗಳಲ್ಲಿ ಇಂಜಿನ್ ಆರಿದರೆ ಸ್ಟಿಯರಿಂಗು ಕಲ್ಲಾಗುತ್ತದೆ, ಬ್ರೇಕಿನ ಪೆಡಲು ಬಿಗಿಯುತ್ತದೆ. ಗುರು ಎದ್ದು ನಿಂತಂತೆ ಎರಡೂ ಕಾಲು ಊರಿ ಬ್ರೇಕು ಒತ್ತಿದ. ಟ್ರಕ್ಕು ಜೀಬ್ರಾ ಪಟ್ಟಿಯ ಅಂಚಿಗೆ ಬಂದು ನಿಂತಿತು. ನಾಯಿ ಹಿಡಿದ ಮುದುಕರೊಬ್ಬರು ರಸ್ತೆ ದಾಟುತ್ತ, ಇಷ್ಟು ಸಾವಕಾಶವಾಗಿ ದಾರಿ ಬಿಟ್ಟದ್ದಕ್ಕೆ ನನಗೆ ಕೈ ಎತ್ತಿದರು.

“ಯಂತ್ರ ರಿಪೇರಿ ಮಾಡಾವ, ನಿನಗಿಷ್ಟು ಗೊತ್ತಿಲ್ಲೇನು?” ಎಂದು ಬೈದೆ.

“ಗೊತ್ತಿತ್ತಕ್ಕಾ. ಇಳಿಜಾರ ನೋಡಿದ್ ಕೂಡ್ಲೆ ಕೈ ತಾನ ಹೋತು,” ಎಂದ. ಕೀಲಿ ತಿರುಗಿಸಿ ಇಂಜಿನ್ ಮತ್ತೆ ಶುರು ಮಾಡಿದ.

ಅಲ್ಲಿಗೆ ಅವನು ಬುದ್ಧಿ ಕಲಿತ ಎಂದುಕೊಂಡೆ. ಆದರೆ ಪೆಟ್ರೋಲ್ ಉಳಿಸಲೆಂದು ಒಂದು ಒಳದಾರಿ ಹಿಡಿದ. ಆ ದಾರಿಯ ನಡುವೆ ಎರಡೂ ಕಡೆ ಕಬ್ಬಿಣದ ಗೂಟ ನೆಟ್ಟಿದ್ದರು, ಆ ಸಂದಿಗಿಂತ ಅಗಲದ ಗಾಡಿ ಆ ಓಣಿಗೆ ಬರಕೂಡದು ಎಂದು. ರಿವರ್ಸ್ ತೆಗೆಯೋಣವೆಂದರೆ ಹಿಂದೆ ಆಗಲೇ ಕಾರುಗಳ ಸಾಲು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ, ಅದೇ ನಾಚಿಕೆ ಹೆಚ್ಚಿಸಿತು. ನಾನು ಇಳಿದು ಸೆರಗು ಸಿಕ್ಕಿಸಿಕೊಂಡೆ. ಹಿಂದಿನ ಕಾರುಗಳು ನನ್ನ ಕೈಸನ್ನೆಗೆ ಒಂದೊಂದಾಗಿ ಹಿಂದೆ ಸರಿದವು. “ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕ, ಬರ್ಲಿ” ಎನ್ನುತ್ತ ತೊಟ್ಟಿಗೆ ಬಡಿದೆ. ಎರಡು ಬಡಿತಕ್ಕೆ ಬರಬೇಕು, ಒಂದಕ್ಕೆ ನಿಲ್ಲಬೇಕು. ಗುರುವಿಗೆ ಯಾರೂ ಕಲಿಸಿರಲಿಲ್ಲ, ಚೀಲದ ಮೇಲೆ ಮಲಗಿಕೊಂಡೇ ಕಲಿತಿರಬೇಕು. ಒಂದು ಬಡಿತಕ್ಕೆ ಸರಿಯಾಗಿ ನಿಂತ.

ಇಲ್ಫರ್ಡ್

ಅಲ್ಲಿಂದ ಊರಿನ ಸುತ್ತಿನ ದೊಡ್ಡ ರಸ್ತೆ ಸಿಕ್ಕಿತು. ಗುರು ಕಾಲಿನ ಕೆಳಗೆ ಮೊಟ್ಟೆ ಇಟ್ಟುಕೊಂಡವನಂತೆ ಓಡಿಸಿದ. ಇಲ್ಫರ್ಡಿನಲ್ಲಿ ಒಂದಕ್ಕೊಂದು ಅಂಟಿದ ಮನೆಗಳ ಓಣಿಯಲ್ಲಿ ಕಲಬುರಗಿಯ ಮಲ್ಲಿಕಾರ್ಜುನ ಮೇಜು ಇಳಿಸಿಕೊಂಡ. ಚಹಾ ಕುಡಿಸದೆ ಬಿಡಲಿಲ್ಲ. ಹೊರಡುವಾಗ ಮುಂದಿನ ವಾರ ಯಾರದೋ ಸೋಫಾ ಸಾಗಿಸುವುದಿದೆ ಎಂದ. ಗುರು ನನ್ನ ಮುಖ ನೋಡಿ “ನೋಡೂಣು” ಎಂದ.

ಟ್ರಕ್ಕಿನ ಪರದೆ ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ತೋರಿಸುತ್ತದೆ. ಬಂಕಿನಲ್ಲಿ ಹಾಕುವುದು ಲೀಟರು. ನಾವಿಬ್ಬರೂ ಯೋಚಿಸುವುದು ಕಿಲೋಮೀಟರಿನಲ್ಲಿ. ನಾನು ಲೆಕ್ಕ ಹಾಕುತ್ತ ಕೂತಾಗ ಒಂದು ವಿಷಯ ಹೊಳೆಯಿತು. ಅಮೆರಿಕದ ಗ್ಯಾಲನ್ ಇಂಗ್ಲೆಂಡಿನದಕ್ಕಿಂತ ಚಿಕ್ಕದು. ಗಾಡಿ ಹೇಳುವುದು ಅಮೆರಿಕದ ಲೆಕ್ಕ, ವಿದ್ಯಾ ಇಷ್ಟು ವರ್ಷ ಭಾಗಿಸಿದ್ದು ಇಲ್ಲಿನ ದೊಡ್ಡ ಗ್ಯಾಲನ್ನಿನಿಂದ. ಅವಳು ಬೈಯುವಷ್ಟು ಕೆಟ್ಟ ಗಾಡಿ ಅಲ್ಲ ಇದು.

“ಗುರು, ಈಗ ಆರರ ಮ್ಯಾಲ ಐತಿ,” ಎಂದೆ.

ಅವನು ನದಿಯ ಸುರಂಗ ದಾಟುವ ತನಕ ಸಿಳ್ಳೆ ಹಾಕುತ್ತ ಓಡಿಸಿದ.

ಟೂಟಿಂಗ್

ಟೂಟಿಂಗಿನ ದೋಸೆ ನಮ್ಮ ಕಡೆಯದಲ್ಲ, ತಮಿಳರ ಕೈಯದು. ಚೆನ್ನಾಗಿತ್ತು. ಅರ್ಧ ತಿಂದಿದ್ದೆವು, ಫೋನು ಬಂತು. ಶಾಂತಕ್ಕ ಎಂಬ ಧಾರವಾಡದ ಹೆಂಗಸು, ಎರಡು ಓಣಿ ಆಚೆ ಮೂರನೇ ಮಹಡಿಯ ಫ್ಲಾಟಿನಲ್ಲಿ ಬಹಳ ಕಾಲದಿಂದ ಜೋಳದ ಭಕ್ರಿ, ಪಲ್ಯದ ಡಬ್ಬಿ ಮಾಡಿ ನಮ್ಮ ಕಡೆಯ ಹುಡುಗರಿಗೆ ಕೊಡುತ್ತಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಡಬ್ಬಿ ನಿಲ್ಲಿಸಿ, ಕ್ರಾಯ್ಡನ್ನಿನಲ್ಲಿರುವ ತಂಗಿಯ ಮನೆಯ ನೆಲಮಹಡಿಗೆ ಹೋಗುತ್ತಿದ್ದರು. ಗೊತ್ತು ಮಾಡಿದ್ದ ವ್ಯಾನಿನವನು ಬರುವುದಿಲ್ಲ ಎಂದು ಆಗಷ್ಟೇ ಹೇಳಿದ್ದ. ಸಂಜೆಯೊಳಗೆ ಫ್ಲಾಟಿನ ಕೀಲಿ ಒಪ್ಪಿಸಬೇಕಿತ್ತು.

ಗುರು ಫೋನು ಮೇಜಿನ ಮೇಲಿಟ್ಟು, ಉಳಿದ ದೋಸೆಯನ್ನು ಚಟ್ನಿಗೆ ಹಚ್ಚಿ ಹಚ್ಚಿ ತಿಂದ. ಆಮೇಲೆ ಕೇಳಿದ. “ಹೋಗೂಣೇನಕ್ಕಾ?”

“ಹೊರೆ ಹೇರಿದ್ರ, ಈ ಸಂದಿಗೊಂದಿ ತಿರುಗಿದ್ರ ಆರು ಉಳಿಯಂಗಿಲ್ಲ. ಇವತ್ತು ಪಂದ್ಯದ ದಿನ, ಬ್ಯಾರೆ ಯಾರಿಗರ ಹೇಳು ಅನ್ನು ಆಕಿಗೆ.”

“ವಿದ್ಯಾ ಹೇಳಿದ್ದು ದಿನಾಲೂ ಹೆಂಗ ಇರ್ತೈತೋ ಹಂಗ ಓಡಸ್ರಿ ಅಂತ. ನನ್ನ ಶನಿವಾರ ಅಂದ್ರ ಇದ ಅಕ್ಕಾ.”

ಕೈ ತೊಳೆದುಕೊಂಡು ಎದ್ದ. ನಾನೂ ಎದ್ದೆ. ಸೋಲುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

ಶಾಂತಕ್ಕನ ಕಟ್ಟಡದ ಮುಂದೆ ಕೆಂಪು ಗೆರೆ, ಅಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಲಿಫ್ಟು ಕೆಟ್ಟಿತ್ತು. ಭಾರ ಎತ್ತಕೂಡದೆಂದು ನಾನು ಗುರುವನ್ನು ಇಳಿಯಲು ಬಿಡಲಿಲ್ಲ, ಅವನು ಟ್ರಕ್ಕನ್ನು ಓಣಿಯ ಸುತ್ತ ತಿರುಗಿಸುತ್ತಲೇ ಇದ್ದ. ಶಾಂತಕ್ಕ ಮೇಲೆ ಒಂದೊಂದು ಪಾತ್ರೆ ಎತ್ತಿಕೊಡುವುದು, ನಾನು ಕೆಳಗಿಳಿಸುವುದು, ಅವನು ಬಂದು ಅರೆಗಳಿಗೆ ನಿಂತಾಗ ತೊಟ್ಟಿಗೆ ಎಸೆಯುವುದು, ಅವನು ಮತ್ತೆ ಸುತ್ತುವುದು. ಹಿಟ್ಟು ರುಬ್ಬುವ ಗ್ರೈಂಡರು ನಮ್ಮಿಂದ ಆಗಲಿಲ್ಲ. ಕೆಳಗಿನ ಮನೆಯ ಇಬ್ಬರು ಇಂಗ್ಲಿಷ್ ಹುಡುಗರು ಅಷ್ಟು ಹೊತ್ತೂ ನಮ್ಮನ್ನು ದಾಟಿ ಓಡಾಡುತ್ತಿದ್ದರು, ಏನೆಂದು ಕೇಳಿರಲಿಲ್ಲ. ನಾನು ಬಾಯಿ ತೆರೆದು ಕೇಳಿದ ಮೇಲೆ ಗ್ರೈಂಡರಿನ ಜೊತೆ ಕಪಾಟು, ಮಂಚ ಎಲ್ಲವನ್ನೂ ಹೊತ್ತು ತಂದರು. ಅಲ್ಲಿ ಕೇಳದೆ ಯಾರೂ ನಿಮ್ಮ ವಿಷಯಕ್ಕೆ ಬರುವುದಿಲ್ಲ, ಕೇಳಿದರೆ ಅರ್ಧಕ್ಕೆ ಬಿಡುವುದಿಲ್ಲ.

ಕ್ರಾಯ್ಡನ್ ದಾರಿ

ಶಾಂತಕ್ಕ ಭಕ್ರಿಯ ಹಂಚನ್ನು ತೊಟ್ಟಿಗೆ ಹಾಕಲು ಒಪ್ಪದೆ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಟ್ರಕ್ಕು ಓಣಿಯ ತುದಿ ಮುಟ್ಟಿದಾಗ ಮೆಲ್ಲಗೆ ಹೇಳಿದರು. “ಗುರುನಾಥ, ಅಡಗಿಮನಿ ಕಿಟಕಿ ಆ ಕಡೆಯಿಂದ ಕಾಣಿಸ್ತದ. ಒಂದ್ ಸಲ ನೋಡ್ಬೇಕಿತ್ತು.”

ಗುರು ಮತ್ತೊಂದು ಸುತ್ತು ಹಾಕಿದ. ಕಿಟಕಿಯ ಎದುರು ನಡಿಗೆಯ ವೇಗಕ್ಕೆ ಇಳಿಸಿದ. ಹಿಂದಿನ ಬಸ್ಸು ಕಾಯಿತು. ಹೊರೆ ಹೊತ್ತ ಟ್ರಕ್ಕು ಆ ವೇಗದಲ್ಲಿ ಪೆಟ್ರೋಲ್ ಕುಡಿಯುವುದು ನನಗೆ ಕೇಳಿಸುವಂತಿತ್ತು.

ನನಗೆ ಅಪ್ಪನ ದಿಬ್ಬಣಗಳು ನೆನಪಾದವು. ಹನಿ ಹನಿಗೂ ಜೀವ ಬಿಡುತ್ತಿದ್ದ ಮನುಷ್ಯ, ಟೆಂಪೊದಲ್ಲಿ ಗಂಡನ ಮನೆಗೆ ಹೊರಟ ಮದುಮಗಳು ಇದ್ದರೆ ಮಾತ್ರ ಊರು ಕಣ್ಮರೆಯಾಗುವ ತನಕ ಎರಡನೇ ಗೇರು ದಾಟುತ್ತಿರಲಿಲ್ಲ. ಆ ಹುಡುಗಿ ಹಿಂದಿರುಗಿ ನೋಡುತ್ತಿರುತ್ತಾಳೆ, ಜೋರಾಗಿ ಓಡಿಸಬಾರದು ಎನ್ನುತ್ತಿದ್ದ. ನಾನು ಮದುವೆಯಾಗಿ ಹೋದ ದಿನವೂ ಹಾಗೆಯೇ ಓಡಿಸಿದ. ಅದು ಗುರುವಿಗೆ ನೆನಪಿದೆಯೋ ಇಲ್ಲವೋ ನಾನು ಕೇಳಲಿಲ್ಲ. ಅಪ್ಪ ಇರಬೇಕಿತ್ತು ಎಂದು ಅನ್ನಿಸಿತು, ಬಹಳ ಅನ್ನಿಸಿತು. ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಎದುರಿನಿಂದ ಬಂದ ಕಾರಿನವಳು ನನಗೆ ಕೈ ಎತ್ತಿದಳು. ನಾನು ಎತ್ತಲಿಲ್ಲ.

ಮತ್ತೆ ರೇನರ್ಸ್ ಲೇನ್

ಸಂಜೆ ಅದೇ ಬಂಕು. ಪೈಪು ಟಕ್ ಎಂದ ಮೇಲೆ ಅಲ್ಲಿಗೇ ನಿಲ್ಲಿಸಿದ್ದರೆ ಲೆಕ್ಕ ಸ್ವಲ್ಪ ಸುಧಾರಿಸುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಗುರು ತೊಟ್ಟಿಗೆ ಕೈಕೊಟ್ಟು ಅಲುಗಾಡಿಸಿ, ಬೆಳಗಿನಷ್ಟೇ ಅಂಚಿನ ತನಕ ತುಂಬಿಸಿದ. ನಾನು ಭಾಗಿಸಿದೆ. ನಾಲ್ಕು ಬಂತು, ಮೇಲೆ ಸ್ವಲ್ಪ ಚಿಲ್ಲರೆ.

ವಿದ್ಯಾ ಬಾಗಿಲಲ್ಲೇ ಇದ್ದಳು. ಗುರು ತಾನೇ ಹೇಳಿದ. “ನಾಲ್ಕು.” ಶಾಂತಕ್ಕನ ಹೆಸರು ಎತ್ತಲಿಲ್ಲ. ನಾನು ಎತ್ತಿದೆ, ಕಿಟಕಿಯ ಸುತ್ತನ್ನೂ ಸೇರಿಸಿ ಎಲ್ಲ ಹೇಳಿದೆ. ವಿದ್ಯಾ ಕೇಳಿಸಿಕೊಂಡು, “ಬೆನ್ನು?” ಎಂದಳು.

“ಏನೂ ಎತ್ತಿಲ್ಲ,” ಎಂದ.

ಅವಳು ಕರಗುತ್ತಾಳೆ, ಹೋಗಲಿ ಇಟ್ಟುಕೊಳ್ಳಿ ಎನ್ನುತ್ತಾಳೆ ಎಂದು ನಾನು ಕಾದೆ. “ಇವತ್ತು ಅತ್ತಿಗೆ ಇದ್ರು, ಎತ್ತೋಕೆ ಬಿಡ್ಲಿಲ್ಲ. ಮುಂದಿನ ವಾರ ಯಾರಿರ್ತಾರೆ? ನೀವೇ ಒಪ್ಪಿದ್ದು, ಮಾರೋಣ,” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಗುರು ಹೂಂ ಎಂದು ಒಳಗೆ ಹೋದ.

ಖಾಲಿ ಜಾಗ

ಕೊಳ್ಳಲು ಬಂದವನು ತೋಟಗಳ ಕೆಲಸ ಮಾಡುವ ಇಂಗ್ಲಿಷಿನವನು. ಟೈರು ಒದ್ದು ನೋಡಿದ, ತೊಟ್ಟಿಯಲ್ಲಿ ಕೂತು ನೋಡಿದ, ಮೈಲೇಜು ಮಾತ್ರ ಕೇಳಲಿಲ್ಲ. ನಮ್ಮ ಊರಿನಲ್ಲಿ ಹುಟ್ಟಿದವನಿಗೆ ಅದು ತಡೆಯದು. ಗುರುವೇ ಮುಂದೆ ಹೋಗಿ, ಪುಸ್ತಕದಲ್ಲಿರುವುದರ ಅರ್ಧ ಮಾತ್ರ ಕೊಡುತ್ತದೆ ಎಂದು ಹೇಳಿದ. ಬಂದವನು ನಕ್ಕು, ಅದನ್ನೆಲ್ಲ ಯೋಚಿಸುವವನಾದರೆ ಇಂಥ ಗಾಡಿಯ ಹತ್ತಿರ ಬರುತ್ತಿರಲಿಲ್ಲ ಎಂದ. ಟ್ರಕ್ಕು ಓಣಿ ತಿರುಗುವ ತನಕ ಗುರು ಬಾಗಿಲಲ್ಲಿ ನಿಂತಿದ್ದ.

ಶನಿವಾರ ಬಂತು. ಫೋನು ಬರಲಿಲ್ಲ. ಮಾರಿದ ಸುದ್ದಿ ಎಲ್ಲ ಕಡೆ ತಲುಪಿತ್ತು. ಇಲ್ಫರ್ಡಿನ ಸೋಫಾಕ್ಕೆ ಬೇರೆ ವ್ಯಾನು ಸಿಕ್ಕಿತ್ತು. ಗುರು ಟ್ರಕ್ಕು ನಿಲ್ಲುತ್ತಿದ್ದ ಜಾಗದ ಎಣ್ಣೆಯ ಕಲೆಯನ್ನು ಬ್ರಷ್ಷಿನಲ್ಲಿ ತಿಕ್ಕಿದ, ಹೋಗಲಿಲ್ಲ. ಊಟಕ್ಕೆ ಕೂತಾಗ ಗೆದ್ದವಳ ಮುಖ ಸೋತವನಿಗಿಂತ ಬಾಡಿತ್ತು. ನಾನು ಹೊರಡುವ ದಿನ ಹತ್ತಿರ ಬರುತ್ತಿತ್ತು, ಇವರನ್ನು ಹೀಗೆ ಬಿಟ್ಟು ಹೇಗೆ ವಿಮಾನ ಹತ್ತುವುದು ಎಂದು ನನಗೆ ಸಂಕಟ.

ಮರುದಿನ ಬೆಳಿಗ್ಗೆ ಫೋನು ರಿಂಗಾಯಿತು. ಗುರು ಹೆಸರು ನೋಡಿ ಮುಟ್ಟಲಿಲ್ಲ. “ಶಾಂತಕ್ಕ. ಏನರ ಸಾಗಿಸೂದು ಇರ್ಬೇಕು. ಅವ್ರಿಗೆ ಗೊತ್ತಿಲ್ಲೇನೋ. ನನಗ ಇಲ್ಲ ಅನ್ನಾಕ ಆಗಂಗಿಲ್ಲ, ನೀನ ಹೇಳು,” ಎಂದು ವಿದ್ಯಾಳ ಕಡೆ ಸರಿಸಿದ.

ವಿದ್ಯಾ ಎತ್ತಿಕೊಂಡಳು. “ಇಲ್ಲ ಶಾಂತಕ್ಕ, ಟ್ರಕ್ ಮಾರಿಬಿಟ್ವಿ,” ಎಂದಳು. ಆಮೇಲೆ ಬಹಳ ಹೊತ್ತು ಬರಿ ಕೇಳಿಸಿಕೊಂಡಳು. ಆಚೆಯ ದನಿ ಏರುತ್ತಿದ್ದದ್ದು ನಮಗೂ ಗೊತ್ತಾಗುತ್ತಿತ್ತು. ವಿದ್ಯಾ ಫೋನಿಗೆ ಅಂಗೈ ಅಡ್ಡ ಹಿಡಿದು ಗಂಡನ ಕಡೆ ತಿರುಗಿದಳು.

“ಬೈತಿದಾರೆ ನನ್ನ. ಬದನೆಕಾಯಿ ಪಲ್ಯ ಮಾಡಿದಾರಂತೆ, ಊಟಕ್ಕೆ ಕರೀತಿದಾರೆ. ಭಕ್ರಿ ತಿನ್ನೋಕೆ ಯಾರಾದ್ರೂ ಟ್ರಕ್ ತರ್ತಾರಾ ಅಂತಿದಾರೆ.”

ಗುರು ನಕ್ಕ. ನಗುತ್ತಲೇ ಮುಖ ಆ ಕಡೆ ತಿರುಗಿಸಿದ, ಬೇಗ ಈ ಕಡೆ ತಿರುಗಲಿಲ್ಲ. ಕೊನೆಗೆ ಅವನು ಕ್ರಾಯ್ಡನ್ನಿಗೆ ಟ್ರೇನು ಎಲ್ಲಿ ಬದಲಿಸಬೇಕು ಎಂದು ಕೇಳಿದ.

“ನಡೀರಿ, ನಂಗೊತ್ತು,” ಎಂದಳು ವಿದ್ಯಾ.

ಅವನ ಶನಿವಾರದ ತಿರುಗಾಟಕ್ಕೆ ಇಷ್ಟು ವರ್ಷ ಒಂದು ದಿನವೂ ಜೊತೆ ಹೋಗದವಳು. ಗುರು ಅಂಗಿ ಬದಲಿಸಲು ಒಳಗೆ ಹೋದಾಗ ಅವಳು ತನ್ನ ಚಪ್ಪಲಿಯ ಪಕ್ಕ ಅವನ ಬೂಟನ್ನೂ ಬಾಗಿಲ ಹತ್ತಿರ ತಂದಿಟ್ಟಳು.